ಮೆಲ್ಲಗಣ್ಣನ ಎಡಗಾಲು

ಏರಿನ ಅರ್ಧಕ್ಕೆ ಬಂದಾಗ ಗಾಡಿ ಕೂಗಿತು, ಆದರೆ ಹತ್ತಲಿಲ್ಲ.

ಬುಧವಾರ ಬೆಳಗ್ಗೆ. ಹಿಂದೆ ಮರದ ಚೌಕಟ್ಟಿಗೆ ಒರಗಿಸಿ ಬೆಲ್ಟಿನಿಂದ ಬಿಗಿದ ಹನ್ನೆರಡು ಗಾಜುಗಳು, ಒಂದೊಂದೂ ಆಳೆತ್ತರ. ಗುಡ್ಡದ ಮೇಲೆ ಕಟ್ಟುತ್ತಿದ್ದ ಶಾಲೆಯ ಓದುವ ಕೋಣೆಗೆ ಹೋಗಬೇಕಾದವು. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ನಿನ ಸದ್ದು ಏರಿತು. ಚಕ್ರಕ್ಕೆ ಮಾತ್ರ ಆ ಸುದ್ದಿ ಮುಟ್ಟಲೇ ಇಲ್ಲ. ಯಜಮಾನ ನಡುಮನೆಯಲ್ಲಿ ಕೂಗಾಡುತ್ತಿದ್ದರೂ ಅಡುಗೆಮನೆಯಲ್ಲಿ ಯಾರೂ ಮೇಲೇಳದ ಸಂಸಾರದಂತಿತ್ತು ಗಾಡಿಯ ಸ್ಥಿತಿ. ಎಲ್ಲಿಂದಲೋ ಸುಟ್ಟ ವಾಸನೆ ಬಂತು. ಮೆಲ್ಲಗಣ್ಣ ಹ್ಯಾಂಡ್ ಬ್ರೇಕ್ ಎಳೆದು ಒಂದು ಗಳಿಗೆ ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. ಆಮೇಲೆ ಕನ್ನಡಿ ನೋಡಿಕೊಂಡು ಆ ಇಳಿಜಾರನ್ನೆಲ್ಲ ಹಿಂದಕ್ಕೇ ಇಳಿದ. ಕಾಲು ಗಂಟೆ ಹಿಡಿಯಿತು. ಗಾಜಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಹೊತ್ತುಕೊಂಡು ಹೋದದ್ದನ್ನು ಹಾಗೆಯೇ ಅಂಗಡಿಗೆ ವಾಪಸು ತಂದದ್ದು ಅವನ ಬಾಳಿನಲ್ಲಿ ಅದೇ ಮೊದಲು.

ಗಾಜಿನಂಗಡಿಯ ಸಣ್ಣ ಯಜಮಾನ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಮೆಲ್ಲಗಣ್ಣನಿಗೆ ಆಮೇಲೆ ಅನ್ನಿಸಿತು. ಶನಿವಾರ ಮಧ್ಯಾಹ್ನ ಗಾಜು ಕೂರಿಸುವವರು ಗುಡ್ಡಕ್ಕೆ ಬರುತ್ತಾರೆ, ಅಷ್ಟರೊಳಗೆ ಸರಕು ಅಲ್ಲಿರಬೇಕು ಎಂದಷ್ಟೇ ಹೇಳಿ, ಫೋನನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಅಣ್ಣಾ, ನಮ್ಮಪ್ಪನ ಕಾಲದಿಂದ ನೀವೇ ಸರಕು ಸಾಗಿಸ್ತಿರೋದು. ಅದಕ್ಕೇ ಇನ್ನೂ ಕೇಳ್ತಿದೀನಿ. ಹೊಸ ಗಾಡಿಯವನೊಬ್ಬ ದಿನಾ ಬಂದು ಹೋಗ್ತಾನೆ. ಈ ಸಲ ಅವನನ್ನ ಕರೆದ್ರೆ, ಆಮೇಲೆ ಪ್ರತಿ ಸಲವೂ ಅವನನ್ನೇ ಕರೆಯಬೇಕಾಗುತ್ತೆ."

ಮೆಲ್ಲಗಣ್ಣ ತಲೆಯಾಡಿಸಿದ. ಶನಿವಾರಕ್ಕೆ ಮೂರು ದಿನವಿತ್ತು.

ಮೆಲ್ಲಗಣ್ಣ ಎಂಬ ಹೆಸರನ್ನು ಅವನಿಗೆ ಯಾರು ಇಟ್ಟರೆಂದು ಈಗ ಯಾರಿಗೂ ನೆನಪಿಲ್ಲ. ಹದಿನಾರನೇ ವಯಸ್ಸಿಗೆ ಅದೇ ಅಂಗಡಿಯಲ್ಲಿ ಗಾಜು ಹೊರುವ ಕೆಲಸಕ್ಕೆ ಸೇರಿದವನು ಮೊದಲ ವಾರದಲ್ಲೇ ಬಾಗಿಲ ಹೊಸ್ತಿಲು ಎಡವಿ ದೊಡ್ಡ ಕನ್ನಡಿಯೊಂದನ್ನು ಒಡೆದಿದ್ದ. ದೊಡ್ಡ ಯಜಮಾನರು ಆಗಲೂ ಬೈಯಲಿಲ್ಲವಂತೆ. ಪೊರಕೆ ಕೊಟ್ಟು, ಎಲ್ಲ ಚೂರನ್ನೂ ಅವನ ಕೈಯಲ್ಲೇ ಗುಡಿಸಿಸಿ, ಒಂದೊಂದು ಚೂರಿನಲ್ಲೂ ನಿನ್ನ ಮುಖ ಕಾಣುತ್ತದೆಯೇ ನೋಡು ಎಂದಿದ್ದರು. ಅಂದಿನಿಂದ ಅವನು ಮೆಲ್ಲಗಾದ. ನಡೆಯುವುದು ಮೆಲ್ಲಗೆ, ಬಾಗಿಲು ಹಾಕುವುದು ಮೆಲ್ಲಗೆ, ಲೋಟ ಕೆಳಗಿಟ್ಟರೂ ಸದ್ದಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಮನೆಯೊಳಗೆ ಬಂದದ್ದು ಗೊತ್ತಾಗದೆ ಹೆಂಡತಿ ಎಷ್ಟೋ ಸಲ ಬೆಚ್ಚಿಬಿದ್ದಿದ್ದಳು.

ಗಾಡಿ ಕೊಂಡ ಮೇಲೆ ಆ ಮೆಲ್ಲನೆಯ ಗುಣವೆಲ್ಲ ಗಾಡಿಗೂ ಬಂತು. ಅದು ದೊಡ್ಡ ಜಾತಿಯ ಡೀಸೆಲ್ ಪಿಕಪ್. ಮೂತಿ ಚಪ್ಪಟೆ, ಎದೆ ಅಗಲ, ಹಿಂದೆ ಎರಡು ಟನ್ ಹೇರಿದರೂ ಬೆನ್ನು ಬಗ್ಗಿಸದ ಗಾಡಿ. ಹತ್ತೊಂಬತ್ತು ವರ್ಷ ಅವನ ಕೈಯಲ್ಲೇ ಇತ್ತು. ಗಾಜಿಗೆ ಜರ್ಕ್ ಆಗಬಾರದು, ಅದೊಂದೇ ಅವನ ವೇದಾಂತ. ಗೇರ್ ಬದಲಿಸುವಾಗ ಕ್ಲಚ್ಚನ್ನು ಮಲಗಿದ ಮಗುವಿನ ಮೇಲಿಂದ ಹೊದಿಕೆ ಎಳೆಯುವ ಹಾಗೆ ಬಿಡುತ್ತಿದ್ದ. ಸಂತೆಬೀದಿಯಲ್ಲಿ, ಹಳ್ಳ ಬಿದ್ದ ಕಡೆ, ತಿರುವಿನಲ್ಲಿ ಪೆಡಲನ್ನು ಪೂರ್ತಿ ಬಿಡದೆ ಅರ್ಧ ಕ್ಲಚ್ಚಿನಲ್ಲೇ ತೇಲಿಸುತ್ತಿದ್ದ. ಇಷ್ಟು ವರ್ಷದಲ್ಲಿ ಅವನ ಗಾಡಿಯಲ್ಲಿ ಒಂದೇ ಒಂದು ಗಾಜೂ ಒಡೆದಿರಲಿಲ್ಲ. ಬೇರೆ ಯಾವುದಕ್ಕೂ ಜಂಬಪಡದ ಮನುಷ್ಯನಿಗೆ ಇದೊಂದರಲ್ಲಿ ಜಂಬವಿತ್ತು.

ಕಾಟ ಶುರುವಾದದ್ದು ಮೂರು ತಿಂಗಳ ಹಿಂದೆ, ಗುಡ್ಡದ ಕಡೆಯ ಕೆಲಸಗಳು ಹೆಚ್ಚಾದಾಗ. ಗಾಡಿ ಏರಿನಲ್ಲಿ ಎಳೆಯುತ್ತಿಲ್ಲ ಎಂದು ಭಾವಮೈದುನನ ಮೆಕ್ಯಾನಿಕ್ ಶೆಡ್ಡಿಗೆ ತಂದು ನಿಲ್ಲಿಸಿದ. ಹೆಂಡತಿಯ ತಮ್ಮ ಒಳ್ಳೆಯ ಕೆಲಸಗಾರ, ಬಾಯಿ ಸ್ವಲ್ಪ ಜಾಸ್ತಿ. ಡೀಸೆಲ್ ಫಿಲ್ಟರ್ ಬಿಚ್ಚಿ ನೋಡಿದರೆ ಒಳಗೆ ಕೆಸರು. ಹೊಸದು ಹಾಕಿದ. ನಾಲ್ಕು ದಿನ ಚೆನ್ನಾಗಿತ್ತು, ಐದನೇ ದಿನ ಮತ್ತೆ ಅದೇ ರಾಗ. ಆಮೇಲೆ ಟರ್ಬೊದಿಂದ ಎಂಜಿನ್ನಿಗೆ ಗಾಳಿ ಹೋಗುವ ರಬ್ಬರ್ ಪೈಪಿನಲ್ಲಿ ಸೀಳು ಸಿಕ್ಕಿತು. ಅದೂ ನಿಜವೇ, ಕಪ್ಪು ಹೊಗೆ ನಿಂತಿತು. ಏರಿನ ಸಂಕಟ ನಿಲ್ಲಲಿಲ್ಲ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ ಪರೀಕ್ಷೆಗೆ ಕಳಿಸಿ ಹತ್ತು ದಿನ ಗಾಡಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಅಷ್ಟರಲ್ಲಿ ಹೊರಟಾಗಲೆಲ್ಲ ಕೆಳಗಿನಿಂದ ಠಣ್ ಎನ್ನುವುದಕ್ಕೆ ಶುರುವಾಗಿ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟಿನ ಜಾಯಿಂಟ್ ಬದಲಾಯಿತು. ಸಿಕ್ಕಿದ ರೋಗಗಳೆಲ್ಲ ನಿಜವಾದವೇ, ಹಾಕಿದ ಮದ್ದುಗಳೂ ಸರಿಯಾದವೇ. ಗಾಡಿ ಮಾತ್ರ ಏರು ಕಂಡ ಕೂಡಲೇ ಕುಗ್ಗಿ, ಹೇಗೋ ತೆವಳಿಕೊಂಡು ಹತ್ತುತ್ತಿತ್ತು. ಮೆಲ್ಲಗಣ್ಣನಿಗೆ ಊಟ ರುಚಿಸುತ್ತಿರಲಿಲ್ಲ. ಕೂತಲ್ಲಿ ನಿಂತಲ್ಲಿ ಕಿವಿಯಲ್ಲಿ ಎಂಜಿನ್ನಿನ ಆ ವ್ಯರ್ಥ ಕೂಗಾಟ. ಮಗಳು ಶಾಲೆಯ ಪದ್ಯ ಒಪ್ಪಿಸಲು ಬಂದರೆ, ಇನ್ನೊಂದು ಸಲ ಹೇಳು ಎಂದು ಮೂರು ಸಲ ಹೇಳಿಸಿ ಒಂದು ಸಲವೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಆದರೆ ಮೂರು ತಿಂಗಳಿನಲ್ಲಿ ಭಾವ-ಮೈದುನ ಇಬ್ಬರೂ ಎತ್ತದ ಮಾತೊಂದಿತ್ತು. ಅದು ಕ್ಲಚ್ಚಿನ ಮಾತು.

ಎಂಟು ತಿಂಗಳ ಹಿಂದಷ್ಟೇ ಕ್ಲಚ್ ಪ್ಲೇಟನ್ನು ಭಾವಮೈದುನನೇ ತನ್ನ ಕೈಯಾರೆ ಬದಲಿಸಿದ್ದ. ಮೆಲ್ಲಗಣ್ಣನಿಗೆ ಸುಟ್ಟ ವಾಸನೆ ಬಂದಾಗಲೆಲ್ಲ ಅನುಮಾನ ಹಣಿಕಿ ಹಾಕುತ್ತಿತ್ತು. ಆದರೆ ಹೆಂಡತಿಯ ತಮ್ಮನ ಕೆಲಸವನ್ನು ಎತ್ತಿ ಆಡುವುದು ಹೇಗೆ? ನಾಳೆ ಮನೆಗೆ ಬಂದರೆ ಮುಖ ಕೊಟ್ಟು ಮಾತಾಡಬೇಕು. ಅತ್ತ ಭಾವಮೈದುನನಿಗೂ ಅನುಮಾನ ಬಾರದೆ ಇರಲಿಲ್ಲ. ಆದರೆ ಅಕ್ಕನ ಗಂಡನಿಗೆ, ನಿಮಗೆ ಓಡಿಸಲು ಬರುವುದಿಲ್ಲ ಎನ್ನುವುದುಂಟೆ? ಹೀಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ದಾಕ್ಷಿಣ್ಯಕ್ಕೆ ಬಿದ್ದು, ಅದರ ಸುತ್ತಲಿನ ಎಲ್ಲವನ್ನೂ ಬಿಚ್ಚಿದ್ದರು. ಅದೊಂದನ್ನು ಬಿಟ್ಟು.

ಗುರುವಾರ ಮಧ್ಯಾಹ್ನ ಹೆಂಡತಿ ಬುತ್ತಿ ತಂದಳು. ಬೀದಿಯ ಕೊನೆಯಲ್ಲಿ ಅವಳ ಹೊಲಿಗೆಯಂಗಡಿ, ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಹೆಚ್ಚು ಮಾತಿನವಳಲ್ಲ. ಬೆಳಗ್ಗೆ ಎದ್ದು ಒಂದು ಗಳಿಗೆ ಕಣ್ಣು ಮುಚ್ಚಿ ಕೂತು ದೇವರಿಗೆ ಹೇಳುವುದನ್ನೆಲ್ಲ ಹೇಳಿಬಿಡುತ್ತಿದ್ದಳು, ಮನುಷ್ಯರಿಗೆ ಹೇಳಲು ಸ್ವಲ್ಪವೇ ಉಳಿಯುತ್ತಿತ್ತು. ಅವಳು ಬಂದಾಗ ಇಬ್ಬರೂ ಗೇರ್‌ಬಾಕ್ಸಿನೊಳಗಿನ ಹಲ್ಲು ಸವೆದಿರಬಹುದೇ ಎಂದು ಚರ್ಚಿಸುತ್ತಿದ್ದರು. ಅದರ ಒಳಗನ್ನೆಲ್ಲ ಬಿಚ್ಚಿ ಜೋಡಿಸಲು ಹೊರಟರೆ ಶನಿವಾರದ ಆಸೆ ಬಿಡಬೇಕು. ಬುತ್ತಿ ಬಿಚ್ಚುತ್ತಾ ಕೇಳುತ್ತಾ ಇದ್ದವಳು ತಮ್ಮನ ಕಡೆ ನೋಡಿದಳು.

"ಅವತ್ತು ರಾತ್ರಿ ಊಟಕ್ಕೂ ಬರದೆ ಏನೋ ಪ್ಲೇಟು ಬದಲಿಸಿದ್ಯಲ್ಲ, ಅದನ್ನ ನೋಡಿದ್ರಾ?"

ಭಾವಮೈದುನ ಕೈಯಲ್ಲಿದ್ದ ಸ್ಪಾನರನ್ನು ವಿನಾಕಾರಣ ಒರೆಸಿದ. ಮೆಲ್ಲಗಣ್ಣ ಚಾವಣಿಯ ತಗಡನ್ನು ನೋಡಿದ.

ಸಂಜೆಯೊಳಗೆ ಗೇರ್‌ಬಾಕ್ಸ್ ಇಡಿಯಾಗಿ ಕೆಳಗಿಳಿಯಿತು. ಅದಕ್ಕೂ ಎಂಜಿನ್ನಿಗೂ ನಡುವೆ ಅಡಗಿದ್ದ ಕ್ಲಚ್ ಪ್ಲೇಟು ಹೊರಬಂದಾಗ ಅದರ ಮೈಮೇಲೆ ಇರಬೇಕಾದ ದಪ್ಪ ಪದರವೇ ಇರಲಿಲ್ಲ. ಕರಿಹಿಡಿದು, ಒಳಗಿನ ರಿವೆಟ್ಟುಗಳು ಹಲ್ಲು ಕಿಸಿದಂತೆ ಕಾಣುತ್ತಿದ್ದವು. ಅದು ಒತ್ತಿ ಕೂರುವ ಎಂಜಿನ್ನಿನ ಚಕ್ರದ ಮೇಲೆ ನೀಲಿ ಸುಟ್ಟ ಕಲೆಗಳು. ಎಂಜಿನ್ನಿನ ಬಲವನ್ನು ಹಿಡಿದು ಗಾಡಿಯ ಚಕ್ರಕ್ಕೆ ಕೊಡಬೇಕಾದ ಕೈಯೇ ಸವೆದು ಜಾರುತ್ತಿತ್ತು.

ಮೂರು ತಿಂಗಳ ದಾಕ್ಷಿಣ್ಯ ಒಂದೇ ಏಟಿಗೆ ಹರಿದುಹೋಯಿತು. ಎಲ್ಲಿಯ ಕಳಪೆ ಮಾಲು ತಂದು ಹಾಕಿದೆ ಎಂದು ಮೆಲ್ಲಗಣ್ಣ ಕೇಳಿದ. ಅಸಲಿ ಮಾಲಿನ ಡಬ್ಬವನ್ನೇ ಅಟ್ಟದಿಂದ ಇಳಿಸಿ ಭಾವಮೈದುನ ಮುಂದಿಟ್ಟ. ಹಾಗಾದರೆ ಕೂರಿಸಿದ್ದು ಸರಿಯಿಲ್ಲ ಎಂದ ಮೆಲ್ಲಗಣ್ಣ.

"ಭಾವ, ಬೇರೆಯವರ ಗಾಡೀಲಿ ನಾನು ಹಾಕಿದ್ದು ಐದು ವರ್ಷ ಬರುತ್ತೆ. ನಿಮ್ಮ ಗಾಡೀಲಿ ಯಾವ ಪ್ಲೇಟು ಎರಡು ವರ್ಷ ದಾಟಿದೆ, ನೀವೇ ಹೇಳಿ. ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸಿದ್ರೆ ದೇವರೇ ಬಂದು ಫಿಟ್ ಮಾಡಿದ್ರೂ ಅಷ್ಟೇ."

"ನಾನು? ಕಾಲಿಟ್ಕೊಂಡು?" ಮೆಲ್ಲಗಣ್ಣನ ದನಿ ಆ ಬೀದಿಯಲ್ಲಿ ಮೊದಲ ಬಾರಿ ಏರಿತು. "ತುಂಬಿದ ಕೊಡ ಹಿಂದೆ ಇಟ್ರೂ ಒಂದು ಹನಿ ತುಳುಕದ ಹಾಗೆ ಓಡಿಸೋನು ನಾನು. ನೀನು ನನಗೆ ಡ್ರೈವಿಂಗ್ ಹೇಳಿಕೊಡ್ತೀಯಾ? ನಿನಗೆ ಸೈಕಲ್ ಕಲಿಸಿದ್ದು ಯಾರು?"

"ಅದಕ್ಕೇ ಸೈಕಲ್ ಬಿಟ್ಟು ಮೆಕ್ಯಾನಿಕ್ ಆದೆ."

ಅಷ್ಟು ಹೊತ್ತೂ ಬಾಗಿಲ ಬಳಿ ಕೂತಿದ್ದ ಹೆಂಡತಿ ಎದ್ದಳು. ಹೊರಗೆ ಬಿಟ್ಟಿದ್ದ ಗಂಡನ ಚಪ್ಪಲಿಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ಒಳಗೆ ಬಂದಳು.

ತಮ್ಮ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾ, ಯಾರಿಗೆ ಅಂತ ಮೊದಲು ಹೇಳಿಬಿಡು."

ಅವಳು ನಗಲಿಲ್ಲ. ಚಪ್ಪಲಿಯನ್ನು ಮಗುಚಿ, ಸುಟ್ಟ ಪ್ಲೇಟಿನ ಪಕ್ಕದಲ್ಲಿ ಹಲಗೆಯ ಮೇಲಿಟ್ಟಳು. ಎಡಗಾಲಿನದು. ಹಿಮ್ಮಡಿಯ ಕಡೆ ಹೊಸದರಂತೆ ಗೆರೆಗಳು ಎದ್ದು ಕಾಣುತ್ತಿದ್ದವು. ಹೆಬ್ಬೆರಳಿನ ಬುಡದಲ್ಲಿ ಮಾತ್ರ ತಳ ನುಣ್ಣಗೆ ಸವೆದು, ಬೆಳಕು ಹಾಯುವಷ್ಟು ತೆಳ್ಳಗಾಗಿತ್ತು.

"ವರ್ಷಕ್ಕೆ ಎರಡು ಸಲ ಇದನ್ನ ರಿಪೇರಿಗೆ ಒಯ್ಯೋಳು ನಾನು. ಪ್ರತಿ ಸಲ ಎಡಗಾಲಿಂದೇ, ಇದೇ ಜಾಗ. ಚಮ್ಮಾರಣ್ಣ ಕೇಳ್ತಾನೆ, ನಿಮ್ಮೆಜಮಾನ್ರೂ ಹೊಲಿಗೆ ಮಿಷನ್ ತುಳಿಯೋರಾ ಅಂತ." ಸವೆದ ಜಾಗದ ಮೇಲೆ ಬೆರಳಿಟ್ಟಳು. "ಹೊಲಿಗೆ ನಿಂತಾಗ ನಾನು ಪೆಡಲ್ಲಿಂದ ಕಾಲು ತೆಗೀತೀನಿ ಕಣ್ರೀ. ನೀವು ತೆಗೆಯಲ್ಲ."

ಮೆಲ್ಲಗಣ್ಣ ಆ ಚಪ್ಪಲಿಯನ್ನೇ ನೋಡುತ್ತಾ ನಿಂತ. ಗಾಜು ಅಲುಗದಿರಲೆಂದು, ಯಾವಾಗ ಬೇಕಾದರೂ ಮೆಲ್ಲಗೆ ಒತ್ತಲು ಸಿದ್ಧವಾಗಿರಲೆಂದು, ನೇರ ರಸ್ತೆಯಲ್ಲೂ ಆ ಕಾಲು ಪೆಡಲ್ಲಿನ ಮೇಲೆ ಹಕ್ಕಿಯಂತೆ ಕೂತೇ ಇರುತ್ತಿತ್ತು. ತನ್ನ ಮಟ್ಟಿಗೆ ಅದು ಕಾವಲು. ಪ್ಲೇಟಿನ ಮಟ್ಟಿಗೆ ಅದು ಹತ್ತೊಂಬತ್ತು ವರ್ಷದ ತಿಕ್ಕಾಟ. ಗುಡ್ಡದ ಕೆಲಸ ಬಂದ ಮೇಲೆ ಆ ತಿಕ್ಕಾಟವೇ ಬೆಂಕಿಯಾಗಿತ್ತು. ಅವನಿಗೆ ಭಾವಮೈದುನನ ಮೇಲೆ ಬಂದಿದ್ದ ಸಿಟ್ಟೆಲ್ಲ ತಿರುಗಿ ತನ್ನ ಮೇಲೇ ಬಂತು, ಅಲ್ಲಿ ಹಾಕಿಕೊಳ್ಳಲು ಜಾಗವಿಲ್ಲದೆ ಮತ್ತೆ ಗಾಡಿಯ ಮೇಲೆ ಹೋಯಿತು. ಟೈರಿಗೆ ಒದೆಯಲು ಕಾಲೆತ್ತಿದ. ಎತ್ತಿದ್ದು ಎಡಗಾಲೇ ಎಂದು ಕಂಡು ಕೆಳಗಿಳಿಸಿದ.

"ಅಜಾಗ್ರತೆಯಿಂದ ಹಾಳಾಗಿದ್ರೆ ಒಪ್ಪಿಕೋಬಹುದಿತ್ತು," ಎಂದ ಕೊನೆಗೆ.

ಶುಕ್ರವಾರ ಇಡೀ ದಿನ ಭಾವಮೈದುನ ಕೆಲಸ ಮಾಡಿದ. ನೀಲಿ ಕಲೆಯ ಚಕ್ರವನ್ನು ಲೇತಿಗೆ ಕೊಟ್ಟು ನಯ ಮಾಡಿಸಿ ತಂದ, ಹೊಸ ಪ್ಲೇಟು, ಹೊಸ ಬೇರಿಂಗ್ ಕೂರಿಸಿದ. ಎಲ್ಲ ಮುಗಿದ ಮೇಲೆ ಕ್ಲಚ್ ಪೆಡಲ್ಲಿನ ಎಡಕ್ಕೆ ಒಂದು ಮರದ ತುಂಡನ್ನು ಸ್ಕ್ರೂ ಬಿಗಿದು ನಿಲ್ಲಿಸಿದ. ಕಾಲಿಗೆ ಕೆಲಸವಿಲ್ಲದಾಗ ಅಲ್ಲಿ ಕೂರಲಿ ಎಂದ. ಮೆಲ್ಲಗಣ್ಣ ಥ್ಯಾಂಕ್ಸ್ ಹೇಳಲಿಲ್ಲ, ಊಟಕ್ಕೆ ಮನೆಗೆ ಬಾ ಎಂದ.

ಶನಿವಾರ ಬೆಳಗ್ಗೆ ಗಾಜು ಹೇರಿ ಹೊರಟಾಗ ಹೆಂಡತಿಯೂ ಪಕ್ಕದಲ್ಲಿ ಬಂದು ಕೂತಳು, ಗುಂಡಿ ಹೊಲಿಯುವ ಕೆಲಸವನ್ನು ಚೀಲದಲ್ಲಿ ಹಿಡಿದುಕೊಂಡು. ಊರ ತುದಿಯವರೆಗೆ ಅವನ ಪಾಡು ನೋಡಲಾಗುತ್ತಿರಲಿಲ್ಲ. ಕಾಲು ಮರದ ತುಂಡಿನ ಮೇಲೆ ಕೂರುತ್ತಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಕಳ್ಳನಂತೆ ಪೆಡಲ್ಲಿನ ಕಡೆ ಜರುಗುತ್ತಿತ್ತು. ಜರುಗಿದಾಗಲೆಲ್ಲ ಅವನು ಹಲ್ಲು ಕಚ್ಚಿ ಹಿಂದಕ್ಕೆಳೆಯುತ್ತಿದ್ದ. ನಲವತ್ತೊಂದು ವರ್ಷದವನು ನಡೆಯುವುದನ್ನು ಮತ್ತೆ ಕಲಿಯಬೇಕಾದಂತೆ ನಾಚಿಕೆ, ಕಿರಿಕಿರಿ.

ಏರಿನ ಅರ್ಧಕ್ಕೆ, ಬುಧವಾರ ನಿಂತಿದ್ದ ಜಾಗದಿಂದ ಸ್ವಲ್ಪ ಮೇಲೆ, ಮರಳಿನ ಲಾರಿಯೊಂದು ಅಡ್ಡ ತಿರುಗಿಸಿಕೊಳ್ಳುತ್ತಿತ್ತು. ನಿಲ್ಲಿಸಲೇಬೇಕಾಯಿತು. ಲಾರಿ ದಾರಿ ಬಿಟ್ಟಿತು. ಈಗ ಹೊರಡಬೇಕು. ಎಂದಿನಂತೆ ಅರ್ಧ ಕ್ಲಚ್ಚಿನಲ್ಲಿ ತೇಲಿಸಿದರೆ ಗಾಜು ಅಲುಗುವುದಿಲ್ಲ, ಆದರೆ ಹೊಸ ಪ್ಲೇಟು ಇದೇ ಏರಿನಲ್ಲಿ ಅರ್ಧ ಆಯಸ್ಸು ಕಳೆದುಕೊಳ್ಳುತ್ತದೆ. ಸರಿಯಾಗಿ ಬಿಟ್ಟರೆ ಒಂದು ಜರ್ಕ್ ಖಂಡಿತ. ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಕೈ ಮಡಿಲಲ್ಲಿಟ್ಟು ಕಣ್ಣು ಮುಚ್ಚಿದಳು.

"ಬೆಲ್ಟು ಬಿಗಿದೋರು ನೀವೇ ಅಲ್ವಾ?" ಎಂದಳು, ಕಣ್ಣು ತೆರೆಯದೆ.

ಹೌದು, ಒಂದೊಂದು ಬೆಲ್ಟನ್ನೂ ಅವನೇ ಬಿಗಿದಿದ್ದ. ಗಾಜಿನ ನಡುನಡುವೆ ಕಂಬಳಿ ಮಡಚಿಟ್ಟವನೂ ಅವನೇ. ಗಾಜನ್ನು ಕಾಯಲು ಅಷ್ಟಿತ್ತು. ಆಕ್ಸಿಲರೇಟರ್ ಒತ್ತಿ, ಕ್ಲಚ್ ಬಿಟ್ಟು, ಎಂಜಿನ್ ಹಿಡಿದುಕೊಂಡದ್ದು ಗೊತ್ತಾದ ಕ್ಷಣ ಹ್ಯಾಂಡ್ ಬ್ರೇಕ್ ಇಳಿಸಿ, ಎಡಗಾಲನ್ನು ಪೂರ್ತಿ ಎತ್ತಿಬಿಟ್ಟ. ಗಾಡಿ ಒಮ್ಮೆ ಮುಗ್ಗರಿಸಿತು. ಹಿಂದಿನಿಂದ ಹನ್ನೆರಡೂ ಗಾಜು ಒಟ್ಟಿಗೆ ಝಲ್ ಎಂದವು. ಅವನ ಎದೆಯೊಳಗಿಂದ ಹದಿನಾರು ವರ್ಷದ ಹುಡುಗನೊಬ್ಬ ಪೊರಕೆ ಹಿಡಿದು ಎದ್ದು ನಿಂತ.

ಆದರೆ ಝಲ್ ಎಂದದ್ದು ಅಷ್ಟೇ. ಆಮೇಲೆ ಗಾಡಿ ಏರತೊಡಗಿತು. ಕೂಗಾಟವಿಲ್ಲ, ವಾಸನೆಯಿಲ್ಲ. ಎಂಜಿನ್ ಹೇಳಿದ್ದನ್ನು ಚಕ್ರ ಕೇಳುತ್ತಿತ್ತು.

ಗುಡ್ಡದ ಮೇಲೆ ಗಾಜು ಕೂರಿಸುವ ಮೇಸ್ತ್ರಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಹನ್ನೆರಡನ್ನೂ ಇಳಿಸಿಕೊಂಡ. ಕೊನೆಯದನ್ನು ಮಾತ್ರ ಎರಡು ಸಲ ತಿರುಗಿಸಿ ನೋಡಿದ, ಮೆಲ್ಲಗಣ್ಣ ಹತ್ತಿರ ಹೋಗಿ ಬಗ್ಗಿ ನೋಡಿದ. ಗೀರಲ್ಲ, ಬೆರಳಿನ ಗುರುತು. ಸಣ್ಣ ಯಜಮಾನನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿತು. ಸೋಮವಾರ ಕನ್ನಡಿಗಳಿವೆ, ಬೇಗ ಬನ್ನಿ ಅಣ್ಣಾ ಎಂದ ಅವನು.

ಇಳಿಯುವಾಗ ಗಾಡಿ ಖಾಲಿ, ದಾರಿ ಖಾಲಿ. ಮೆಲ್ಲಗಣ್ಣ ತನ್ನಷ್ಟಕ್ಕೆ ಗೊಣಗುತ್ತಿದ್ದ. ಎಷ್ಟು ಪ್ಲೇಟು ಸುಟ್ಟೆ, ಎಷ್ಟು ಸಲ ಭಾವಮೈದುನನಿಗೆ ಮನಸ್ಸಿನಲ್ಲೇ ಬೈದೆ, ಇಷ್ಟು ವರ್ಷ ಇವಳಾದರೂ ಯಾಕೆ ಹೇಳಲಿಲ್ಲ. ಚಪ್ಪಲಿ ಸವೆದರೆ ಹೊಲಿಸಿದಳು, ಕೇಳಿದ್ದರೆ ಹೇಳುತ್ತಿದ್ದಳೇನೋ. ತಾನು ಕೇಳಿದವನೇ ಅಲ್ಲ. ಗೊಣಗುತ್ತಾ ಗೊಣಗುತ್ತಾ ಮೂರನೇ ತಿರುವು ದಾಟಿದ.

ಹೆಂಡತಿ ಗುಂಡಿಯ ದಾರವನ್ನು ಹಲ್ಲಿನಿಂದ ಕತ್ತರಿಸಿ, ಕೆಳಗೆ ನೋಡಿ, ಮೆಲ್ಲಗೆ ಕೆಮ್ಮಿದಳು.

ಅವನೂ ಕೆಳಗೆ ನೋಡಿದ. ಕಾಲು ಪೆಡಲ್ಲಿನ ಮೇಲಿತ್ತು.

"ಗೊತ್ತು, ಗೊತ್ತು," ಎಂದು ಸಿಡುಕಿ, ಅದನ್ನೆತ್ತಿ ಮರದ ತುಂಡಿನ ಮೇಲಿಟ್ಟ.