ರಿವಾಲ್ವರ್‌ಗೆ ಮಾಡಿದ ಆಯುಧ ಪೂಜೆ

ನ್ಯೂಜಿಲೆಂಡಿನ ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಪ್ರತಿ ವರ್ಷ ಸಾಲಾಗಿ ಕೂರುತ್ತಿದ್ದವು ಎರಡು ಲ್ಯಾಪ್‌ಟಾಪು, ಮಿಕ್ಸಿ ಮತ್ತು ಹುಲ್ಲು ಕತ್ತರಿಸುವ ಯಂತ್ರ. ಕಳೆದ ವರ್ಷ ನಾನು ಪಿಸ್ತೂಲ್ ಕ್ಲಬ್ಬು ಸೇರಿ, ಲೈಸೆನ್ಸು ಪಡೆದು, ಹಳೆಯ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಒಂದನ್ನು ಕೊಂಡಿದ್ದೆ. ಹಬ್ಬದ ದಿನ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ನಿಂತು, "ರೀ, ಮಿಕ್ಸಿಗೆ ಪೂಜೆ ಮಾಡ್ತೀರ, ಮನೇಲಿರೋ ನಿಜವಾದ ಆಯುಧಾನ ತಿಜೋರೀಲಿ ಇಟ್ಟಿದ್ದೀರಲ್ಲ," ಎಂದಳು.

ತಿಜೋರಿ ತೆಗೆದೆ. ಗುಂಡಿಲ್ಲವೆಂದು ಎರಡೆರಡು ಸಲ ನೋಡಿ ಅದನ್ನೂ ಮಣೆಯ ಮೇಲಿಟ್ಟೆ. ಗಂಧ ಕುಂಕುಮದ ಬೊಟ್ಟನ್ನು ನಾನೇ ಧಾರಾಳವಾಗಿ ಇಟ್ಟೆ. ಸಂಜೆ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ತಿಜೋರಿಗೆ ಸೇರಿಸಿದೆ.

ಮುಂದಿನ ಶನಿವಾರ ಕ್ಲಬ್ಬಿನಲ್ಲಿ ಎಲ್ಲರೆದುರು ನನ್ನ ಮರ್ಯಾದೆ ಮೂರು ಕಾಸಾಯಿತು. ಈ ಬಗೆಯ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಹಿಂದಕ್ಕೆಳೆಯಬೇಕು. ಎಳೆದಾಗ ಒಳಗಿನ ಸಣ್ಣ ಕಡ್ಡಿಯೊಂದು ಆರು ಗುಂಡು ಕೂರುವ ಸಿಲಿಂಡರನ್ನು ಒಂದು ಮನೆಯಷ್ಟು ತಿರುಗಿಸುತ್ತದೆ. ಅದೇ ಕ್ಷಣಕ್ಕೆ ಕೆಳಗಿನಿಂದ ಚಿಲಕವೊಂದು ಮೇಲೆದ್ದು ಸಿಲಿಂಡರಿನ ಕಚ್ಚಿನಲ್ಲಿ ಟಕ್ಕೆಂದು ಕೂರಬೇಕು. ಕೂರದಿದ್ದರೆ ಗುಂಡು ನಳಿಗೆಗೆ ನೇರ ನಿಲ್ಲುವುದಿಲ್ಲ, ಅಪಾಯ. ಇದನ್ನೇ ಟೈಮಿಂಗ್ ಎನ್ನುತ್ತಾರೆ. ನನ್ನದು ಕೂರಲಿಲ್ಲ. ಉಸ್ತುವಾರಿಗೆ ಹಿಂದೆ ನಿಂತಿದ್ದ ಮುದುಕರೊಬ್ಬರು ಭುಜದ ಮೇಲೆ ಕೈಯಿಟ್ಟು, ಗುಂಡು ತೆಗೆಸಿ, ನನ್ನನ್ನು ಸಾಲಿನಿಂದ ಹೊರಗೆ ಕಳಿಸಿದರು.

ಅದನ್ನು ನನಗೆ ಮಾರಿದವರೂ ಅವರೇ. ಬಾಟನಿ ಡೌನ್ಸ್ ಬಡಾವಣೆಯಲ್ಲಿರುವ ನಿವೃತ್ತ ಫಿಟ್ಟರ್, ಅಪ್ಪಟ ಕಿವಿ, ಅಂದರೆ ಈ ದೇಶದಲ್ಲೇ ಹುಟ್ಟಿ ಬೆಳೆದವರು. ನಾನು ಅಂಕಲ್ ಅನ್ನುತ್ತೇನೆ, ಅವರು ಸಹಿಸಿಕೊಳ್ಳುತ್ತಾರೆ. ಮುಂದಿನ ಭಾನುವಾರ ಮನೆಗೆ ತಾ, ನೀನೇನಾದರೂ ಅರ ಆಡಿಸಿ ಹಾಳು ಮಾಡಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು. ಗನ್ನು ಹೋದರೆ ಹೋಗಲಿ. ವಸ್ತು ಕೊಟ್ಟರೆ ಇವನು ಕಾಪಾಡುವವನಲ್ಲ ಎಂದು ಅವರು ತಿಳಿದುಬಿಟ್ಟರೆ ಹೇಗೆ ಎಂಬುದೇ ನನ್ನ ಹೆದರಿಕೆ.

ಇಂಜಿನಿಯರಿಂಗ್ ಓದಿದ ಕೊಬ್ಬು ಬೇರೆ. ವಾರವಿಡೀ ವಿಡಿಯೋ ನೋಡಿದೆ, ಬಿಚ್ಚಿದೆ, ಜೋಡಿಸಿದೆ, ಸ್ಪ್ರಿಂಗ್ ಬದಲಿಸಿದೆ. ಕೊನೆಗೆ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ತಿರುಗಿಸುವ ಕಡ್ಡಿಯೇ ಸವೆದಿದೆ, ಮುದುಕರೇ ಸವೆದದ್ದನ್ನು ಮಾರಿದ್ದಾರೆ ಎಂದು ತೀರ್ಪು ಕೊಟ್ಟೆ. ಅರ ಕೈಗೆತ್ತಿಕೊಂಡಾಗ ಹೆಂಡತಿ ಅದನ್ನು ಕಿತ್ತುಕೊಂಡು ಎಲ್ಲೋ ಬಚ್ಚಿಟ್ಟಳು. ಆ ಉಪಕಾರವನ್ನು ಮರೆಯಲಾರೆ.

ಭಾನುವಾರ ಅವರ ಗ್ಯಾರೇಜಿನಲ್ಲಿ ನನ್ನ ಸಂಶೋಧನೆಯನ್ನೆಲ್ಲ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ: ಆರು ಮನೆಯಲ್ಲೂ ಹೀಗೋ, ಒಂದರಲ್ಲಿ ಮಾತ್ರವೋ? ವಾರವಿಡೀ ತಿಣುಕಿದ ನಾನು ಅದನ್ನು ಎಣಿಸಿಯೇ ಇರಲಿಲ್ಲ. ಅವರು ಹ್ಯಾಮರನ್ನು ನಿಧಾನವಾಗಿ ಆರು ಸಲ ಎಳೆದರು. ಐದು ಸಲ ಟಕ್ಕೆಂದಿತು, ಒಂದು ಸಲ ಇಲ್ಲ. ಕಡ್ಡಿ ಸವೆದಿದ್ದರೆ ಆರೂ ತಡವಾಗಬೇಕು, ತಪ್ಪು ಈ ಒಂದು ಕಚ್ಚಿನದು ಎಂದು ಅದಕ್ಕೆ ಹಲ್ಲುಕಡ್ಡಿ ಹಾಕಿ ಕೆದಕಿದರು. ಕೆಂಪಗೆ ಗಟ್ಟಿಯಾದ ಚೂರೊಂದು ಹೊರಬಿತ್ತು. ಮೂಸಿ ನೋಡಿ, ಘಮಘಮ ಅನ್ನುತ್ತಿದೆಯಲ್ಲ, ಇದ್ಯಾವ ಎಣ್ಣೆ ಎಂದರು.

ಹಬ್ಬದ ಸಂಜೆ ನಾನು ಒರೆಸಿದಾಗ ಮೇಲಿನ ಗಂಧ ಕುಂಕುಮ ಹೋಗಿ, ಕಚ್ಚಿನೊಳಗಿನದು ಒಣಗಿ ಕೂತಿತ್ತು. ಇದು ಇಂಡಿಯಾದ ವಿಶೇಷ ಗ್ರೀಸು ಎನ್ನುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಪೂಜೆಯ ಕತೆ ಹೇಳಿದೆ. ವರ್ಷವೆಲ್ಲ ದುಡಿದ ಸಲಕರಣೆಗೆ ಒಂದು ದಿನ ಬಿಡುವು ಕೊಟ್ಟು ಕೈಮುಗಿಯುತ್ತೇವೆ ಎಂದೆ. ಅವರು ಉಳಿದ ಪುಡಿಯನ್ನೂ ಕೆದಕಿ ತೆಗೆದು ಮತ್ತೆ ಹ್ಯಾಮರ್ ಎಳೆದರು. ಆರೂ ಟಕ್ಕೆಂದವು. ವಾಪಸ್ ಇಟ್ಟುಕೊಳ್ಳುತ್ತಾರೆ ಎಂದು ನನಗೆ ಖಾತ್ರಿಯಾಯಿತು.

"ನಲವತ್ತು ವರ್ಷ ಎಣ್ಣೆ ಹಾಕಿದೆ, ಮೇಟ್," ಎಂದರು ತಮ್ಮ ಇಂಗ್ಲಿಷಿನಲ್ಲಿ. "ಇದಕ್ಕೊಂದು ಥ್ಯಾಂಕ್ಸ್ ಹೇಳಬೇಕು ಅಂತ ಒಂದು ದಿನವೂ ಹೊಳೆಯಲಿಲ್ಲ. ತಗೊಂಡು ಹೋಗು."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ನಗುತ್ತಾಳೆಂದುಕೊಂಡರೆ ನಗಲಿಲ್ಲ.

"ಮುಂದಿನ ವರ್ಷ ಅಂಕಲ್‌ನೂ ಹಬ್ಬಕ್ಕೆ ಕರೀರಿ," ಎಂದಳು. "ಬೊಟ್ಟು ಅವರೇ ಇಡಲಿ. ಎಲ್ಲಿಡಬೇಕು ಅಂತ ಅವರಿಗೆ ಗೊತ್ತಿರತ್ತೆ."