ಕಾರು ನಿಲ್ಲಿಸುವ ಜಾಗದಲ್ಲಿ ಎದ್ದ ಗೋಡೆ

ಭೂಕಂಪವನ್ನು ತಾಳಿಕೊಳ್ಳುವ ಕಟ್ಟಡಗಳ ವಿನ್ಯಾಸವೆಂದರೆ ದೆಹಲಿಯ ಕನ್ನಡಿಗರಿಗೆ ಮೊದಲು ನೆನಪಾಗುವ ಹೆಸರು ಶ್ರೀಮತಿ ಶೈಲಜಾ ಅವರದು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಓಖ್ಲಾದ ನಮ್ಮ ಕಚೇರಿಗೆ ಬಂದು, ಇಲ್ಲಿಯೇ ತಲೆಗೂದಲು ಬೆಳ್ಳಗಾಗಿಸಿಕೊಂಡ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಕಂಬದೊಳಗಿನ ಕಬ್ಬಿಣದ ರಿಂಗುಗಳ ಕೊಕ್ಕೆಯನ್ನು ಸರಿಯಾಗಿ ಒಳಕ್ಕೆ ಬಾಗಿಸದಿದ್ದರೆ, ಕೆಲಸ ಎಷ್ಟೇ ತಡವಾಗಲಿ, ಕಾಂಕ್ರೀಟ್ ಸುರಿಯಲು ಅವರು ಬಿಟ್ಟವರಲ್ಲ. ಹಾಗೆ ಕೆಲಸ ನಿಲ್ಲಿಸಿ ಬೈದಾಗ ಎದುರು ಕೂಗಾಡಿದವರಿಗೂ ಅದೇ ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಪಾಲು ಕೊಟ್ಟವರು. ಈ ಲೇಖಕನಿಗೆ ಅದರ ರುಚಿ ಚೆನ್ನಾಗಿ ಗೊತ್ತು.

ಆದರೆ ಅವರನ್ನು ಹೆಚ್ಚು ಸತಾಯಿಸಿದ್ದು ದೆಹಲಿಯದೇ ದ್ವಾರಕಾ ಬಡಾವಣೆಯಲ್ಲಿ ಅವರು ವಾಸವಿರುವ ಅಪಾರ್ಟ್‌ಮೆಂಟ್, ಅವರ ಸ್ವಂತ ಸೊಸೈಟಿ. ನೆಲಮಟ್ಟದಲ್ಲಿ ಬರೀ ಕಂಬಗಳು, ಅವುಗಳ ನಡುವೆ ಕಾರುಗಳು, ಮೇಲೆ ಇಟ್ಟಿಗೆ ಗೋಡೆಗಳ ಮನೆಗಳು. ಭೂಮಿ ಜೋರಾಗಿ ನಡುಗಿದರೆ ಕೆಳಗಿನ ಕಂಬಗಳೇ ಮೊದಲು ಮುರಿಯುತ್ತವೆ ಎಂದು ಲೆಕ್ಕ ಹಾಕಿದ ದಿನದಿಂದ ಅವರಿಗೆ ತಮ್ಮ ಮನೆಯಲ್ಲೇ ನಿದ್ದೆ ಹತ್ತಲಿಲ್ಲ. ಕಂಬಗಳ ನಡುವೆ ಕಾಂಕ್ರೀಟ್ ಗೋಡೆ ಎಬ್ಬಿಸಬೇಕು. ಎಬ್ಬಿಸಿದರೆ ಕೆಲವರ ಕಾರಿಗೆ ಜಾಗವಿಲ್ಲ. ದೆಹಲಿಯಲ್ಲಿ ಮಗಳ ಮದುವೆಯನ್ನಾದರೂ ಮುಂದೂಡಿಯಾರು, ಕಾರಿನ ಜಾಗ ಬಿಟ್ಟುಕೊಡುವವರಿಲ್ಲ.

ಸಭೆಯಲ್ಲಿ ಸೊಸೈಟಿಯ ಅಧ್ಯಕ್ಷ ಮುರಳೀಧರ ಸಿಡುಕಿದರು: "ಅಚ್ಛಾ! ನಾಳೆಯಿಂದ ಕಾರು ತಲೆ ಮೇಲೆ ಹೊತ್ಕೊಂಡು ತಿರುಗೋಣ್ವಾ ಮೇಡಂ?"

"ಕಟ್ಟಡ ತಲೆ ಮೇಲೆ ಬರೋದಕ್ಕಿಂತ ಅದು ಹಗುರ ಸಾರ್," ಎಂದರು ಶೈಲಜಾ.

ನಗು ಎದ್ದಿತು, ಒಪ್ಪಿಗೆ ಏಳಲಿಲ್ಲ. "ಎಂಜಿನಿಯರಮ್ಮನ ಕಾರು ಮಾತ್ರ ಭದ್ರ ಬಿಡಿ," ಎಂದು ಹಿಂದಿನಿಂದ ಯಾರೋ ಚುಚ್ಚಿದರು.

ಭಾನುವಾರ ಬೆಳಿಗ್ಗೆ ಶೈಲಜಾ ಸೀಮೆಸುಣ್ಣ ಹಿಡಿದು ಕೆಳಗಿಳಿದರು. ತಮ್ಮ ಕಾರನ್ನು ಹೊರತೆಗೆದು, ಅದು ನಿಂತಿದ್ದ ಜಾಗದಲ್ಲೇ ಮೊದಲ ಗೋಡೆಯ ಗೆರೆ ಎಳೆದರು. ಇದನ್ನು ತ್ಯಾಗವೆಂದರೆ ಅವರಿಗೆ ಕೋಪ ಬರುತ್ತದೆ. ಆ ಬದಿಯಲ್ಲಿ ಗೋಡೆಗೆ ಎರಡು ಜಾಗ ಹೊಂದುತ್ತಿದ್ದವು. ತಮ್ಮದನ್ನು ಆರಿಸಿಕೊಂಡರು, ಅಷ್ಟೇ. ಆದರೆ ಒಂದೇ ಬದಿ ಬಲವಾದರೆ ಕಟ್ಟಡ ನಡುಗುವಾಗ ತಿರುಚಿಕೊಳ್ಳುತ್ತದೆ. ಎದುರು ಬದಿಯಲ್ಲೂ ಅದಕ್ಕೆ ಜೋಡಿ ಬೇಕು. ಆ ಜೋಡಿ ಗೆರೆ ನೇರವಾಗಿ ಅಧ್ಯಕ್ಷರ ಕಾರಿನ ಹೊಟ್ಟೆಯಡಿ ನುಗ್ಗಿತು.

ಮುರಳೀಧರ ಕೆಳಗೆ ಬಂದು ಬಹಳ ಹೊತ್ತು ಗೆರೆ ನೋಡಿದರು. ಆಚೆ ಬದಿಯಲ್ಲಿ ಶೈಲಜಾ ಖಾಲಿ ಮಾಡಿದ್ದ ಜಾಗವನ್ನೂ ನೋಡಿದರು. "ಚಲೋ, ಕಾರಿನ ಕೀಲಿ ತರ್ತೀನಿ," ಎಂದರು.

ಗೋಡೆಗಳು ಎದ್ದ ಮರುವರ್ಷ ಒಂದು ಮುಂಜಾನೆ ನೆಲ ನಡುಗಿತು. ಎಲ್ಲರೂ ಕೆಳಗೋಡಿ ಬಂದು ಹೊಸ ಗೋಡೆಗೆ ಒರಗಿ ನಿಂತರು.

"ಗೆದ್ದುಬಿಟ್ರಿ ಮೇಡಂ!" ಎಂದರು ಮುರಳೀಧರ.

"ಎಲ್ಲಿಯ ಗೆಲುವು ಸಾರ್? ಇದು ಬರೀ ಸಣ್ಣ ನಡುಕ. ಮೊದ್ಲು ಎಲ್ರೂ ಪಾರ್ಕಿಗೆ ನಡೀರಿ! ಗೋಡೆ ಕಟ್ಟಿರೋದು ಒರಗೋಕಲ್ಲ," ಎಂದು ಶೈಲಜಾ ಎಲ್ಲರನ್ನೂ ಬಯಲಿಗೆ ಅಟ್ಟಿದರು.

ಈಗ ಮೆಟ್ರೋದಲ್ಲೇ ಓಡಾಡುವ ಅವರು, ನಿವೃತ್ತಿಯ ನಂತರ ರೋಹಿಣಿ ಬಡಾವಣೆಯ ಸೊಸೈಟಿಗಳನ್ನೂ ನೋಡಿಕೊಡಲು ಒಪ್ಪಿದ್ದಾರೆ. ಅವರ ಆಯುಸ್ಸು ನೂರು ತುಂಬಲಿ, ಚೀಲದ ಸೀಮೆಸುಣ್ಣ ಮುಗಿಯದಿರಲಿ. ಅವರು ಕಟ್ಟಿಸಿದ ಗೋಡೆಗಳು ನಿಜವಾದ ಪರೀಕ್ಷೆಯನ್ನು ಎಂದೂ ಕಾಣದೆ, ಯಾರ ಹೊಗಳಿಕೆಯೂ ಇಲ್ಲದೆ, ಹಾಗೇ ಹಳೆಯವಾಗಲಿ.