ನಾಲ್ಕು ಹನಿ ಎಣ್ಣೆ ಮತ್ತು ಮಿಷನ್ ಅಕ್ಕ

ಅಲ್ಲ, ಅದೇ ಹೇಳ್ತಿದ್ನಲ್ಲ, ತಮ್ಮನೆ ಮೇನ್ ಸ್ವಿಚ್ ತಾವೇ ಆಫ್ ಮಾಡ್ಕೊಂಡು ಕೂರ್ತಾರೆ ಅಂತ, ನೀವು ನಕ್ಬಿಟ್ರಿ. ನಗಿ, ಪರವಾಗಿಲ್ಲ. ನಮ್ಮ ಬೀದೀಲಿ ನಗದೇ ಇದ್ದೋರು ಯಾರಿದಾರೆ, ನಾನೂ ನಕ್ಕೋಳೇ. ಆದ್ರೆ ಈಗ ಪೂರ್ತಿ ಕೇಳಿ.

ಮಿಷನ್ ಅಕ್ಕ ಅಂತ ನಾವು ಕರೆಯೋದು. ಹೊಲಿಗೆ ಮಿಷನ್ ರಿಪೇರಿ ಮಾಡೋದು ಅವರ ಕೆಲಸ. ಹೊಲಿಯೋರು ಎಲ್ಲಾ ಕಡೆ ಇದಾರೆ, ಆದ್ರೆ ಮಿಷನ್ ಮುನಿಸ್ಕೊಂಡ್ರೆ ಸಮಾಧಾನ ಮಾಡೋರು ನಮ್ಮ ಕಡೆ ಇವರೊಬ್ರೇ. ನಾಲ್ಕು ಪುಟ್ಟ ಚಕ್ರ ಇರೋ ಒಂದು ಹಲಗೆ ಇದೆ, ಅದಕ್ಕೆ ಹಗ್ಗ ಕಟ್ಕೊಂಡು ಮನೆ ಮನೆಗೂ ಹೋಗಿ ಮಿಷನ್ ತಲೆ ಬಿಚ್ಚಿ ಹಲಗೆ ಮೇಲೆ ಕೂರಿಸ್ಕೊಂಡು ಎಳ್ಕೊಂಡು ಬರ್ತಾರೆ. ಆಮೇಲೆ ಬಾಗಿಲಲ್ಲಿ ನಿಂತು ಇಡೀ ಬೀದಿಗೆ ಕೇಳೋ ಹಂಗೆ ಕೂಗ್ತಾರೆ, "ಏ ಹುಡುಗಿ, ನಿಮ್ಮಮ್ಮನ ತಲೆ ಸರಿಹೋಯ್ತು, ಬಂದು ತಗೊಂಡ್ಹೋಗು!" ನಮ್ಮಮ್ಮನಿಗೆ ಉರ್ಕೊಳ್ಳತ್ತೆ.

ಮನೆ ಎರಡೇ ರೂಮು, ಹಿಂದೆ ಒಂದು ಅಡುಗೆಮನೆ. ಮುಂದಿನ ರೂಮಲ್ಲಿ ಮಿಷನ್ ತಲೆಗಳು, ಬಾಬಿನ್ನು, ಬೆಲ್ಟು, ಸ್ಕ್ರೂಡ್ರೈವರ್ರು, ಮೂಗುದ್ದ ಇರೋ ಎಣ್ಣೆ ಕ್ಯಾನು. ಒಳಗಿನ ರೂಮಲ್ಲಿ ಅವರ ಮಾವ. ಗಂಡ ಲಾರಿ ಓಡಿಸ್ತಾರೆ, ವಾರಕ್ಕೊಂದ್ಸಲ ಮುಖ ತೋರಿಸ್ತಾರೆ. ಅಂದ್ರೆ ಮನೇಲಿ ಇರೋದು ಅಕ್ಕ, ಅತ್ತೆ, ಮಾವ, ಮತ್ತೆ ಗುರುಗುರು.

ಗುರುಗುರು ಅಂದ್ರೆ ಬೆಕ್ಕಲ್ಲ ಮತ್ತೆ. ಮಾವನಿಗೆ ಶ್ವಾಸಕೋಶ ಎರಡೂ ಕೈಕೊಟ್ಟಿವೆ. ಗಾಳಿಯಿಂದ ಆಕ್ಸಿಜನ್ ಸೋಸಿ ಕೊಳವೆಯಲ್ಲಿ ಮೂಗಿಗೆ ಕೊಡೋ ಕರೆಂಟಿನ ಮಿಷನ್ ಒಂದು ಅವರ ಮಂಚದ ಪಕ್ಕ ಹಗಲೂ ರಾತ್ರಿ ಗುರುಗುರು ಅಂತಿರತ್ತೆ. ಅದು ನಿಂತ್ರೆ ಸ್ವಲ್ಪ ಹೊತ್ತಿಗೇ ಅವರ ತುಟಿ ನೀಲಿಗೆ ತಿರುಗತ್ತೆ. ಮಾವ ಮೊದಲು ಟಾಕೀಸಲ್ಲಿ ಪ್ರೊಜೆಕ್ಟರ್ ಓಡಿಸ್ತಿದ್ರು. ಕರೆಂಟ್ ಹೋದಾಗೆಲ್ಲ "ಇಂಟರ್ವಲ್ಲೂ..." ಅಂತ ರಾಗ ಎಳೀತಾರೆ. ಗುರುಗುರು ಬಂದ್ಮೇಲೆ ಮೊದಲನೇ ಸಲ ಕರೆಂಟ್ ಹೋದಾಗ ರಾಗ ಎಳೆಯೋಕೆ ಉಸಿರೇ ಇರ್ಲಿಲ್ವಂತೆ. ಟಾರ್ಚ್ ಹುಡುಕಿ ತೆಗೆದ್ರೆ ಅದರ ಸೆಲ್ ಊದ್ಕೊಂಡು ಒಳಗೇ ಅಂಟ್ಕೊಂಡಿತ್ತಂತೆ, ಡಾಕ್ಟರ್ ನಂಬರ್ ಬರೆದಿದ್ದ ಚೀಟಿ ಯಾವ ಡಬ್ಬಿಯಲ್ಲೋ. ಕರೆಂಟ್ ತಾನಾಗೇ ಬಂತು, ಬದುಕಿದ್ರು. ಅಕ್ಕ ಅವತ್ತೇ ಅಂದ್ರಂತೆ, "ತಾನಾಗೇ ಬಂತು ಅನ್ನೋದು ಇನ್ನೊಂದ್ಸಲ ಈ ಮನೇಲಿ ಆಗ್ಬಾರ್ದು."

ಆಮೇಲೆ ಶುರುವಾಯ್ತು ನೋಡಿ. ಬಾಗಿಲ ಹಿಂದೆ ಒಂದು ಉದ್ದ ಪರದೆ ಹೊಲಿದ್ರು, ದಪ್ಪ ಬಟ್ಟೇದು, ಪೂರ್ತಿ ಜೇಬುಗಳೇ. ಒಂದೊಂದು ಜೇಬಿಗೆ ಒಂದೊಂದು ಥರ ಗುಂಡಿ. ಎರಡು ತೂತಿನ ಗುಂಡಿ ಅಂದ್ರೆ ಟಾರ್ಚು. ನಾಲ್ಕು ತೂತಿಂದು ಡಾಕ್ಟರ್ ಫೈಲು, ನಂಬರುಗಳು. ಕೊಕ್ಕೆ ಇದ್ರೆ ಮಾತ್ರೆ, ಲಾಡಿ ಇದ್ರೆ ಕೊಳವೆ. ಕಣ್ಮುಚ್ಕೊಂಡು ಕೈಯಾಡಿಸಿದ್ರೂ ಸಿಗ್ಬೇಕು. ಗುರುಗುರುಗೆ ನಲವತ್ತು ನಿಮಿಷ ಓಡೋ ಒಂದು ಯುಪಿಎಸ್ಸು, ಅದಾದ್ಮೇಲೆ ಅಂತ ಒಂದು ಸಣ್ಣ ಆಕ್ಸಿಜನ್ ಸಿಲಿಂಡರ್, ಅದರ ಕುತ್ತಿಗೆಗೆ ದಾರದಲ್ಲಿ ಕಟ್ಟಿದ, ಅದನ್ನ ತೆರೆಯೋ ಕೀಲಿ. ಕೊಡದಲ್ಲಿ ಎರಡು ದಿನದ ನೀರು.

ಮತ್ತೆ ತಿಂಗಳ ಮೊದಲನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೇನ್ ಸ್ವಿಚ್ ಟಪ್! ಅತ್ತೆ ಓಡಿ ಜೇಬು ತಡಕ್ಬೇಕು, ಅಕ್ಕ ಯುಪಿಎಸ್ ಕನೆಕ್ಷನ್ ನೋಡ್ಬೇಕು, ಮಾವ ಮಂಚದ ಮೇಲಿಂದ ಗಡಿಯಾರ ನೋಡಿ ಟೈಮ್ ಹೇಳ್ಬೇಕು. ಸಿಲಿಂಡರ್ ಮಾತ್ರ ಅಕ್ಕ ಮುಟ್ತಿದ್ರು, "ತೆಗೆದೆ" ಅಂತ ಬಾಯಲ್ಲಿ ಹೇಳಿ ಸುಮ್ನಾಗ್ತಿದ್ರು, ಯಾಕಂದ್ರೆ ಸುಮ್ನೆ ಆಕ್ಸಿಜನ್ ವೇಸ್ಟ್ ಮಾಡಬಾರ್ದಲ್ಲ. ಎದುರುಮನೆ ಡ್ರಾಯಿಂಗ್ ಮೇಷ್ಟ್ರು ರಿಟೈರ್ ಆಗಿ ಜಗುಲಿ ಮೇಲೆ ಪೇಪರ್ ಓದ್ಕೊಂಡಿರ್ತಾರೆ, ಅವರು ಪ್ರತೀ ಸಲಾನೂ, "ಏನಮ್ಮಾ, ಸರ್ಕಸ್ ಶುರುವಾಯ್ತಾ? ಟಿಕೆಟ್ ಎಲ್ಲಿ ಸಿಗತ್ತೆ?" ಅಕ್ಕ ಸ್ಕ್ರೂಡ್ರೈವರ್ ಸೆರಗಿಗೆ ಒರೆಸ್ಕೊಂಡು, "ನಿಮಗೆ ಫ್ರೀ ಪಾಸು ಮೇಷ್ಟ್ರೇ, ಕೋಡಂಗಿ ಜಾಗ ಖಾಲಿ ಇದೆ."

ಹಿಂಗೇ ನಡೀತಿತ್ತು. ಅವತ್ತು ಗುರುವಾರ, ಬೆಳಿಗ್ಗೆ ಹನ್ನೊಂದು. ನಾನು ಅಮ್ಮನ ಮಿಷನ್ ತಗೊಂಡ್ಹೋಗೋಕೆ ಅಕ್ಕನ ಮುಂದಿನ ರೂಮಲ್ಲೇ ನಿಂತಿದ್ದೆ, ಅದಕ್ಕೇ ಇಷ್ಟು ಗ್ಯಾರಂಟಿಯಾಗಿ ಹೇಳ್ತಿರೋದು. ಗಾಳಿ ಅಂದ್ರೆ ಅಂಥಾ ಗಾಳಿ, ಒಣಗೋಕೆ ಹಾಕಿದ ಬಟ್ಟೆಗಳೆಲ್ಲ ಮನೆ ಮನೆ ಬದಲಾಯಿಸ್ತಿವೆ. ಧಡಾರ್ ಅಂತ ಬೀದಿ ಕೊನೇಲಿದ್ದ ದೊಡ್ಡ ಮರ ತಂತಿ ಸಮೇತ ರಸ್ತೆಗೆ ಅಡ್ಡ ಬಿತ್ತು. ಕರೆಂಟ್ ಹೋಯ್ತು. ಒಳಗಿಂದ ಮಾವ, "ಇಂಟರ್ವಲ್ಲೂ..."

ಯುಪಿಎಸ್ ಪೀಂಗುಟ್ಟಿ ಗುರುಗುರು ಓಡೋಕೆ ಶುರುಮಾಡ್ತು. ಅತ್ತೆ ಜೇಬಿಂದ ಫೈಲ್ ತೆಗೆದಾಗಿತ್ತು. ಅಕ್ಕ ಕರೆಂಟ್ ಆಫೀಸಿಗೆ ಫೋನ್ ಹಚ್ಚಿದ್ರು. ಸಂಜೆ ಆಗತ್ತೆ ಅಂದ್ರು. ಆಂಬುಲೆನ್ಸಿಗೆ ಮಾಡಿದ್ರು. ಮರ ಬಿದ್ದಿದೆ, ಸುತ್ತಿ ಬರೋಕೆ ದಾರಿ ಇದ್ಯಾ ನೋಡ್ತೀವಿ ಅಂದ್ರು. ಅಕ್ಕ ಒಂದು ಸೆಕೆಂಡೂ ಮುಖ ಬಾಡಿಸ್ಲಿಲ್ಲ. "ಸರಿ, ಸಿಲಿಂಡರ್ ಇದೆಯಲ್ಲ, ಈಗ್ಲೇ ರೆಡಿ ಮಾಡಿಟ್ಕೊಳ್ಳೋಣ" ಅಂತ ಕೀಲಿ ಕೈಗೆ ತಗೊಂಡ್ರು.

ತಗೊಂಡೋರು ಹಂಗೇ ನಿಂತ್ಬಿಟ್ರು. ಕೀಲಿ ಮೂಗಿನ ಹತ್ರ ಹಿಡಿದ್ರು. ಆ ವಾಸನೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಿಷನ್ ಎಣ್ಣೆ. ಬಗ್ಗಿ ನೋಡಿದ್ರೆ ಸಿಲಿಂಡರ್ ಬಾಯಿ ಸುತ್ತಲೂ ಪಳಪಳ.

"ಅತ್ತೆ, ಇದಕ್ಕೆ ಎಣ್ಣೆ ಹಾಕಿದ್ರಾ?"

ಅತ್ತೆಗೆ ಹೆಮ್ಮೆ. "ಹೂಂ ಕಣೇ, ಮೊನ್ನೆ ಒರೆಸೋವಾಗ ನೋಡ್ದೆ, ತಿರುಪು ಕಲ್ಲಿನ ಥರ ಬಿಗಿಯಾಗಿತ್ತು. ನಾಲ್ಕೇ ನಾಲ್ಕು ಹನಿ ಬಿಟ್ಟೆ. ನೀನೇ ಹೇಳ್ತೀಯಲ್ಲ, ಬಿಗಿ ಇದ್ರೆ ಬಲ ಹಾಕ್ಬೇಡಿ, ಎಣ್ಣೆ ಹಾಕಿ ಅಂತ."

ಅದು ಅಕ್ಕನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರೋ ಮಾತು. ಆ ಮನೇಲಿ ಬಾಗಿಲ ತಿರುಗಣೆ ಕಿರ್ರ್ ಅಂದ್ರೆ ಎಣ್ಣೆ, ಕತ್ತರಿ ಬಿಗಿಯಾದ್ರೆ ಎಣ್ಣೆ, ಮಾವನ ಮಂಚ ಕಿರುಗುಟ್ಟಿದ್ರೂ ಎಣ್ಣೆ. ಆದ್ರೆ ಆಕ್ಸಿಜನ್ ಸಿಲಿಂಡರಿಗೆ ಎಣ್ಣೆ ಸೋಕಿಸ್ಬಾರ್ದು. ಜೋರಾಗಿ ಆಕ್ಸಿಜನ್ ನುಗ್ಗಿದಾಗ ಎಣ್ಣೆ ತಾನಾಗೇ ಹೊತ್ಕೊಂಡುಬಿಡಬಹುದು, ಬೆಂಕಿಕಡ್ಡಿಯೇ ಬೇಡ. ಸಿಲಿಂಡರ್ ತಂದುಕೊಟ್ಟ ಅಣ್ಣ ಎರಡೆರಡು ಸಲ ಹೇಳಿದ್ದ. ಹೇಳಿದ್ದು ಅಕ್ಕನಿಗೆ. ಹೆಂಗಿದ್ರೂ ನಾನೇ ತಾನೇ ಮುಟ್ಟೋದು ಅಂತ ಅಕ್ಕ ಅತ್ತೆಗೆ ಹೇಳೇ ಇರ್ಲಿಲ್ಲ.

ಆ ಅಣ್ಣನಿಗೇ ಫೋನ್ ಮಾಡಿದ್ರು. "ಅಯ್ಯೋ, ತೆರೀಬೇಡಿ ಅಕ್ಕ! ಒರೆಸೋಕೂ ಹೋಗ್ಬೇಡಿ, ಹಂಗೇ ನಿಧಾನಕ್ಕೆ ಹೊರಗೆ ನೆರಳಲ್ಲಿ ಇಡಿ. ನಾನು ಬೇರೆ ತರ್ತೀನಿ, ಮರದ ಆಚೆ ಗಾಡಿ ನಿಲ್ಸಿ ನಡ್ಕೊಂಡಾದ್ರೂ ಬರ್ತೀನಿ. ಆದ್ರೆ ಇಲ್ಲಿ ಇನ್ನೂ ಎರಡು ಮನೆ ಕಾಯ್ತಿದಾರೆ, ಬರೋಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ ಆಗ್ಬಹುದು."

ಮೂರು ಗಂಟೆ. ಯುಪಿಎಸ್ಸಲ್ಲಿ ಉಳಿದಿದ್ದು ಮೂವತ್ತು ನಿಮಿಷ.

ಅತ್ತೆ ಗೋಡೆ ಹಿಡ್ಕೊಂಡು ಕುಸಿದ್ರು. "ನಾನೇ ಕೈಯಾರೆ ಕೊಂದೆನಲ್ಲೇ..." ಅಕ್ಕ ಅವರ ರಟ್ಟೆ ಹಿಡಿದು ಎಬ್ಬಿಸಿದ್ರು. "ಅತ್ತೆ, ಸಂಜೆ ಇಬ್ರೂ ಕೂತು ಅಳೋಣ. ಈಗ ಪ್ಲಗ್ ಹುಡುಕೋಣ. ನೀವು ಡಾಕ್ಟರಿಗೆ ಫೋನ್ ಹಚ್ಚಿ, ನಾಲ್ಕು ತೂತಿನ ಗುಂಡಿ."

ಡಾಕ್ಟರ್ ಅಂದಿದ್ದಿಷ್ಟು: ಮಿಷನ್ ನಿಲ್ಲಿಸ್ಬೇಡಿ, ಎಲ್ಲಾದ್ರೂ ಸರಿ, ಓಡ್ತಾ ಇರ್ಲಿ.

ಎಲ್ಲಾದ್ರೂ ಸರಿ ಅಂದ ತಕ್ಷಣ ಅಕ್ಕನ ಕಣ್ಣು ಕಿಟಕಿ ಕಡೆ ತಿರುಗ್ತು. ಯಾವ ಮನೇಲಿ ಇನ್ವರ್ಟರ್ ಇದೆ, ಎಷ್ಟು ದೊಡ್ಡದು, ಪ್ಲಗ್ ಎಲ್ಲಿದೆ, ಎಲ್ಲಾ ಅವರಿಗೆ ಬಾಯಿಪಾಠ. ಹತ್ತು ವರ್ಷ ಎಲ್ಲರ ಮನೆ ಒಳಗೆ ಕೂತು ಮಿಷನ್ ಬಿಚ್ಚಿದೋರಲ್ವಾ! "ಎದುರಿಗೆ ಮೇಷ್ಟ್ರದು ಚಿಕ್ಕದು, ಒಂದೂವರೆ ಗಂಟೆ ಬರತ್ತೆ. ಆಮೇಲೆ ಮೂಲೆ ಬ್ಯೂಟಿ ಪಾರ್ಲರ್ದು, ಅದು ದೊಡ್ಡದು. ಈ ಯುಪಿಎಸ್ ರಸ್ತೆ ದಾಟೋಕೆ ಮಾತ್ರ, ಕೂತು ಖಾಲಿ ಮಾಡೋಕಲ್ಲ. ಏ ಹುಡುಗಿ, ಹಲಗೆ ತಾ."

ಹಲಗೆ ಮೇಲಿದ್ದ ನಮ್ಮಮ್ಮನ ಮಿಷನ್ ತಲೆ ಕೆಳಗಿಳೀತು, ಗುರುಗುರು ಮತ್ತೆ ಯುಪಿಎಸ್ ಮೇಲೆ ಹತ್ತಿದ್ವು. ಅಕ್ಕ ನನ್ನನ್ನ ಮೇಷ್ಟ್ರ ಮನೆಗೆ ಓಡಿಸಿದ್ರು. ನಾನು ಏದುಸಿರು ಬಿಡ್ತಾ ಹೇಳಿದ್ದು ಅರ್ಧ, ಅಷ್ಟರಲ್ಲೇ ಮೇಷ್ಟ್ರು ಟಿವಿ, ಫ್ಯಾನು, ಫ್ರಿಜ್ಜು ಎಲ್ಲಾ ಪಟಪಟ ಆಫ್ ಮಾಡಿ, ಪಂಚೆ ಎತ್ತಿ ಕಟ್ಕೊಂಡು ರಸ್ತೆಗೆ ಇಳಿದಾಗಿತ್ತು. ಮಾವನ್ನ ಪ್ಲಾಸ್ಟಿಕ್ ಕುರ್ಚೀಲಿ ಕೂರಿಸಿ ಒಂದು ಕಡೆ ಅಕ್ಕ, ಇನ್ನೊಂದು ಕಡೆ ಮೇಷ್ಟ್ರು ಎತ್ತಿದ್ರು. ನಾನು ಹಲಗೆ ಎಳೀತಿದ್ದೆ. ಕೊಳವೆ ಎಲ್ಲೂ ಮಡಚ್ಕೋಬಾರ್ದು ಅಂತ ಅತ್ತೆ ಅದನ್ನ ಎರಡೂ ಕೈಯಲ್ಲಿ ಹೂವಿನ ಮಾಲೆ ಥರ ಹಿಡ್ಕೊಂಡು ಜೊತೆಗೇ ನಡೀತಿದ್ರು. ಚರಂಡಿ ಚಪ್ಪಡಿ ಹತ್ರ ಚಕ್ರ ಸಿಕ್ಕಾಕೊಂತು. ಅಕ್ಕ ಕುರ್ಚಿ ಬಿಡದೇ ಕಾಲಲ್ಲೇ ಒಂದು ಒದ್ರು, ಚಕ್ರ ಚಪ್ಪಡಿ ಹತ್ತಿ ದಾಟ್ತು.

ಮೇಷ್ಟ್ರ ಪ್ಲಗ್ಗಿಗೆ ಹಾಕಿದ್ಮೇಲೆ ಗುರುಗುರು ಸದ್ದು ಸರಿಹೋಯ್ತು. ಮಾವ ಉಸಿರೆಳ್ಕೊಂಡು, "ರೀಲ್ ಚೇಂಜ್ ಮಾಡೋಕೆ ಇಷ್ಟು ಹೊತ್ತಾ? ನಮ್ಮ ಕಾಲದಲ್ಲಾಗಿದ್ರೆ ಜನ ಸೀಟು ಹರೀತಿದ್ರು" ಅಂದ್ರು. ಮೇಷ್ಟ್ರು ನಗೋಕೆ ಹೋಗಿ ಕಣ್ಣು ಒರೆಸ್ಕೊಂಡ್ರು.

ಅಕ್ಕ ಕೂರ್ಲಿಲ್ಲ. ಪಾರ್ಲರಿಗೆ ಹೋಗಿ ಮೊದಲೇ ಹೇಳಿಟ್ಟು ಬಂದ್ರು. ಹನ್ನೆರಡೂ ಮುಕ್ಕಾಲಿಗೆ ಮೇಷ್ಟ್ರ ಇನ್ವರ್ಟರ್ ಕೂಗೋಕೆ ಶುರುಮಾಡ್ತು. ಮತ್ತೆ ಕುರ್ಚಿ, ಮತ್ತೆ ಹಲಗೆ, ಮತ್ತೆ ಮಾಲೆ. ಈ ಸಲ ಬೀದಿಯವರೆಲ್ಲ ಮುಂದೆ ನಡೆದು ಕಲ್ಲು, ಕೊಂಬೆ ಸರಿಸ್ತಿದ್ರು. ಪಾರ್ಲರಿನಲ್ಲಿ ಮಾವನ್ನ ಹಿಂದಕ್ಕೆ ಬಾಗೋ ಆ ಕುರ್ಚೀಲಿ ಕನ್ನಡಿ ಮುಂದೆ ಮಲಗಿಸಿದ್ರು. ಪಾರ್ಲರಿನಾಕೆ, "ತಾತ, ಬಂದಿದ್ದೀರ, ಹಂಗೇ ಒಂದು ಫೇಶಿಯಲ್?" ಅಂದ್ರೆ ಮಾವ, "ಮುಖ ಹೆಂಗಿದ್ರೂ ನಡೆಯತ್ತಮ್ಮ, ಮೂಗು ನೋಡ್ಕೋ ಸಾಕು." ಅಕ್ಕ ಮಾತ್ರ ನಗ್ಲಿಲ್ಲ. ಕನ್ನಡೀಲಿ ಮಾವನ ತುಟಿ ಬಣ್ಣವನ್ನೇ ನೋಡ್ತಾ ನಿಂತಿದ್ರು, ಕೈ ಇನ್ವರ್ಟರ್ ಮೇಲೆ.

ಮೂರೂ ಹತ್ತಕ್ಕೆ ಸಿಲಿಂಡರ್ ಅಣ್ಣ ಬಂದ, ಮರದ ಕೊಂಬೆ ಹತ್ತಿ ಇಳಿದು, ಹೊಸ ಸಿಲಿಂಡರ್ ಹೆಗಲ ಮೇಲೆ ಹೊತ್ಕೊಂಡು. ಅದನ್ನ ಜೋಡಿಸಿ, ಎಣ್ಣೆ ಹತ್ತಿದ್ದನ್ನ ಬೇರೆಯಾಗಿ ತಗೊಂಡ್ಹೋದ. ಕರೆಂಟ್ ಬಂದಿದ್ದು ಐದೂವರೆಗೆ. ಅಲ್ಲೀವರೆಗೂ ಗುರುಗುರು ಆಗಲಿ ಸಿಲಿಂಡರ್ ಆಗಲಿ, ಮಾವನ ಮೂಗಿಗೆ ಒಂದು ನಿಮಿಷವೂ ತಪ್ಪಲಿಲ್ಲ.

ಸಂಜೆ ನಾನು ಅಮ್ಮನ ಮಿಷನ್ ತರೋಕೆ ಮತ್ತೆ ಹೋದೆ. ಅತ್ತೆ ಕಾಫಿ ಲೋಟ ಮುಟ್ಟದೇ ಮೂಲೇಲಿ ಕೂತಿದ್ರು. ಅಕ್ಕ ಪಕ್ಕದಲ್ಲಿ ಕೂತು, "ಅತ್ತೆ, ಎಣ್ಣೆ ಹಾಕಿದ್ದು ನೀವು, ಆದ್ರೆ ತಪ್ಪು ನಂದು. ಎಲ್ಲಾ ಜೇಬಲ್ಲಿಟ್ಟೆ, ಇದೊಂದನ್ನ ನನ್ನ ತಲೇಲೇ ಇಟ್ಕೊಂಡೆ. ನಾನು ಮನೇಲಿ ಇಲ್ದೇ ಹೋಗಿದ್ರೆ? ನೀವು ನಿಮ್ಮ ಗಂಡನ್ನ ಉಳಿಸ್ಕೊಳ್ಳೋಕೆ ಅಂತ ಆ ಕೀಲಿ ತಿರುಗಿಸಿಬಿಡ್ತಿದ್ರಿ."

ಅತ್ತೆ ಲೋಟ ಪಕ್ಕಕ್ಕೆ ಸರಿಸಿ, "ಹಂಗಾದ್ರೆ ನನಗೆ ಕಲಿಸು" ಅಂದ್ರು. "ಬಾಯಲ್ಲಿ ತೆಗೆದೆ ಅನ್ನೋದಲ್ಲ. ನಿಜವಾಗ್ಲೂ ತೆಗೆಯೋದು."

ಈಗ ಹೆಂಗಿದೆ ಗೊತ್ತಾ? ಪರದೇಲಿ ಒಂದು ಹೊಸ ಜೇಬಿದೆ, ಕೆಂಪು ದಾರದಲ್ಲಿ ಎಣ್ಣೆ ಕ್ಯಾನ್ ಚಿತ್ರ, ಅದರ ಮೇಲೆ ದೊಡ್ಡ ಅಡ್ಡಗೀಟು. ಚಿತ್ರ ಬರೆದಿದ್ದು ಮೇಷ್ಟ್ರು, ಕಸೂತಿ ಹಾಕಿದ್ದು ಅತ್ತೆ. ಒಳಗೆ ಸಿಲಿಂಡರ್ ಕೀಲಿ ಮಾತ್ರ. ಭಾನುವಾರ ಸ್ವಿಚ್ ಟಪ್ ಅಂದಾಗ ಅಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತಿರ್ತಾರೆ, ಒಳಗೆ ಬರೋ ಹಂಗೇ ಇಲ್ಲ, ಅವರು ಊರಲ್ಲೇ ಇಲ್ಲ ಅಂತ ಲೆಕ್ಕ. ಎಲ್ಲಾ ಅತ್ತೇದೇ ಕಾರುಬಾರು. ಸಿಲಿಂಡರ್ ಅಣ್ಣನ ಹತ್ರ ಕಲ್ತು, ನಿಧಾನಕ್ಕೆ ಕೀಲಿ ತಿರುಗಿಸಿ, ಮಾವನ ಮೂಗಿಗೆ ಎರಡು ನಿಮಿಷ ನಿಜವಾಗ್ಲೂ ಕೊಟ್ಟು, ಮತ್ತೆ ಮುಚ್ತಾರೆ. ಹೋದ ತಿಂಗಳು ಎಲ್ಲಾ ಸೇರಿ ಐದು ನಿಮಿಷಕ್ಕೇ ಮುಗಿಸಿದ್ರು. ಎದುರುಗಡೆ ಮೇಷ್ಟ್ರು ಹತ್ತಕ್ಕೆ ಐದು ನಿಮಿಷ ಇರೋವಾಗ್ಲೇ ಟಿವಿ ಆರಿಸಿ, ಬಾಗಿಲು ತೆಗೆದಿಟ್ಟು ಕಾಯ್ತಿರ್ತಾರೆ. ಕೋಡಂಗಿ ಜಾಗ ಈಗ ಖಾಲಿ ಇಲ್ವಂತೆ, ಅವರೇ ಹೇಳೋದು.

ನನ್ನ ಮಾತು ನಂಬೋದು ಬೇಡ, ಬರೋ ತಿಂಗಳ ಮೊದಲನೇ ಭಾನುವಾರ ನೀವೇ ಹೋಗಿ ನೋಡಿ. ಮಿಷನ್ ಅಕ್ಕನ ಮನೆ ಯಾವುದು ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ. ಹತ್ತಕ್ಕೆ ಮುಂಚೆ ಹೋಗಿ, ಅಕ್ಕನ ಪಕ್ಕ ಮೆಟ್ಟಿಲ ಮೇಲೆ ಕೂತ್ಕೊಳ್ಳಿ, ಮಾತಾಡಿಸಿ. ಒಳಗೆ ಹೋಗೋ ಮುಂಚೆ ಮಾತ್ರ ಕೈ ಸೋಪು ಹಾಕಿ ತೊಳ್ಕೊಳ್ಳಿ. ಮಾವ ಮಂಚದ ಮೇಲಿಂದಾನೇ "ಅಂಗೈ ಚಾಚಿ" ಅಂತಾರೆ, ಎಣ್ಣೆ ವಾಸನೆ ಇದ್ಯಾ ಅಂತ ಎಲ್ಲರ ಕೈನೂ ಮೂಸಿ ನೋಡಿದ್ಮೇಲೇ ಒಳಗೆ ಬಿಡೋದು.